ಹೆಬ್ಬೆರಳೆತ್ತರದ ಸೈನ್ಯ, ಮೇಜಿನಗಲದ ರಣರಂಗ

ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಒಂದು ಮೆಟ್ಟಿಲು ಸಿಪಾಯಿಗಳಿಗೆಂದೇ ಮೀಸಲು. ಮುಂದೆ ವಾದ್ಯದವರು, ಹಿಂದೆ ಕಾಲಾಳುಗಳು, ಅವರ ಹಿಂದೆ ಕುದುರೆ ಸವಾರರು, ಕೊನೆಗೆ ಅಂಬಾರಿ ಹೊತ್ತ ಆನೆ. ಮೊಮ್ಮಕ್ಕಳು ಒಂದು ಸಿಪಾಯಿಯನ್ನು ಕೊಂಚ ಸರಿಸಿದರೂ ಸಾಕು, 'ಮುಟ್ಟಬೇಡ್ರೋ!' ಎಂದು ಅಡುಗೆಮನೆಯಿಂದಲೇ ಅಜ್ಜಿಯ ಕೂಗು ಬರುತ್ತದೆ.

ಆ ಸಿಪಾಯಿಗಳನ್ನು ಮುಟ್ಟುವುದೇ ಆಟವಾದರೆ? ಅವರನ್ನು ನಡೆಸಬೇಕು, ಗುಡ್ಡ ಹತ್ತಿಸಬೇಕು, ಹೊಳೆ ದಾಟಿಸಬೇಕು, ಎದುರಾಳಿಯ ಸಿಪಾಯಿಗಳ ಮುಂದೆ ತಂದು ನಿಲ್ಲಿಸಬೇಕು. ಅಂಥದೊಂದು ಆಟ ಇದೆ. ಅದರ ಹೆಸರು ವಾರ್‌ಗೇಮ್. ಕನ್ನಡದಲ್ಲಿ ಸಮರದಾಟ ಎನ್ನೋಣ. ಮೊಬೈಲಿನಲ್ಲಿ ಗುಂಡು ಹಾರಿಸುವ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಪರದೆಯಿಲ್ಲ, ಢಂ ಢಂ ಸದ್ದಿಲ್ಲ. ಒಂದು ದೊಡ್ಡ ಮೇಜು, ಕೈಯಿಂದ ಬಣ್ಣ ಬಳಿದ ಪುಟ್ಟ ಸೈನಿಕರು, ಅಳತೆಯ ಟೇಪು, ಒಂದು ಹಿಡಿ ದಾಳಗಳು, ಎದುರಿಗೆ ಒಬ್ಬ ಗೆಳೆಯ, ಇಷ್ಟಿದ್ದರೆ ಆಯಿತು.

ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಈ ಆಟಕ್ಕೆಂದೇ ಕ್ಲಬ್ಬುಗಳಿವೆ. ವಾರಕ್ಕೊಂದು ಸಂಜೆ ಊರಿನ ಸಮುದಾಯ ಭವನದಲ್ಲೋ ಶಾಲೆಯ ಕೊಠಡಿಯಲ್ಲೋ ಸದಸ್ಯರು ಸೇರುತ್ತಾರೆ. ಮೇಜುಗಳನ್ನು ಜೋಡಿಸಿ ಆರಡಿ ಉದ್ದ, ನಾಲ್ಕಡಿ ಅಗಲದ ಬಯಲು ಮಾಡಿ ಹಸಿರು ಬಟ್ಟೆ ಹೊದಿಸುತ್ತಾರೆ. ಬಟ್ಟೆಯಡಿ ಪುಸ್ತಕ ಇಟ್ಟರೆ ಗುಡ್ಡ. ನೀಲಿ ಪಟ್ಟಿ ಹಾಸಿದರೆ ಹೊಳೆ. ರಟ್ಟಿನ ಮನೆ ನಾಲ್ಕು ಇಟ್ಟರೆ ಹಳ್ಳಿ. ಒಂದು ಬದಿಯಲ್ಲಿ ನಿವೃತ್ತ ಮೇಷ್ಟ್ರು, ಇನ್ನೊಂದು ಬದಿಯಲ್ಲಿ ಹೈಸ್ಕೂಲು ಹುಡುಗ. ವಯಸ್ಸಿನ ಅಂತರ ಐವತ್ತು ವರ್ಷವಿದ್ದರೂ ಇಬ್ಬರೂ ಈ ಹೊತ್ತಿಗೆ ಸೇನಾಪತಿಗಳೇ.

ಸೈನ್ಯ ಕಟ್ಟುವುದೇ ಅರ್ಧ ಆಟ

ಅಂಗಡಿಯಿಂದ ತಂದ ಸೈನಿಕನಿಗೆ ಬಣ್ಣವೇ ಇರುವುದಿಲ್ಲ. ತವರದ ಮಿಶ್ರಲೋಹದ ಅಥವಾ ಪ್ಲಾಸ್ಟಿಕ್‌ನ ಬೂದು ಗೊಂಬೆ ಅದು. ಹೆಚ್ಚು ಜನ ಬಳಸುವ ಅಳತೆ 28 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು ಎತ್ತರ. 15 ಮಿಲಿಮೀಟರಿನವೂ ಉಂಟು. 6 ಮಿಲಿಮೀಟರಿನ ಸಿಪಾಯಿಯಂತೂ ಜೋಳದ ಕಾಳಿಗಿಂತ ಒಂದಿಷ್ಟು ಎತ್ತರ, ಅಷ್ಟೆ!

ಈ ಗೊಂಬೆಗೆ ಮೊದಲು ಒಂದು ತೆಳು ಲೇಪ ಕೊಟ್ಟು ಒಣಗಿಸುತ್ತಾರೆ. ಆಮೇಲೆ ಕೂದಲೆಳೆಯಂಥ ಕುಂಚ ಹಿಡಿದು, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಮುಖ, ಕೋಟು, ಗುಂಡಿ, ಬಂದೂಕಿನ ಪಟ್ಟಿ ಎಂದು ಒಂದೊಂದಾಗಿ ಬಣ್ಣ ತುಂಬುತ್ತಾರೆ. ಕಾಲಡಿಗೆ ಚಿಕ್ಕ ಹಲಗೆ ಅಂಟಿಸಿ, ಅದರ ಮೇಲೆ ಮರಳು, ಹಸಿರು ಪುಡಿ ಉದುರಿಸಿದರೆ ಸೈನಿಕ ನೆಲದ ಮೇಲೆ ನಿಂತ ಹಾಗೆ. ಒಂದು ಸೈನ್ಯ ಸಿದ್ಧವಾಗಲು ತಿಂಗಳುಗಳೇ ಬೇಕು. ಮಳೆಗಾಲದ ಸಂಜೆಗಳನ್ನೆಲ್ಲ ಇದಕ್ಕೇ ಕೊಟ್ಟವರಿದ್ದಾರೆ.

ಬಣ್ಣ ಬಳಿಯುವ ಮೊದಲು ಓದಬೇಕಾದದ್ದು ಬೇಕಾದಷ್ಟಿರುತ್ತದೆ. ಇನ್ನೂರು ವರ್ಷಗಳ ಹಿಂದೆ ಈ ಪಡೆಯವರ ಕೊರಳ ಪಟ್ಟಿಗೆ ಯಾವ ಬಣ್ಣವಿತ್ತು? ಬಾವುಟ ಎಂಥದು? ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸಿಪಾಯಿ ಮೇಲೆ ಬಿಸಿಲಿನಲ್ಲೂ ಕೆಂಪು ಕೋಟು ತೊಟ್ಟು, ಕೆಳಗೆ ಚಡ್ಡಿ ಹಾಕಿಕೊಂಡು ಯುದ್ಧಕ್ಕೆ ನಡೆಯುತ್ತಿದ್ದ ಎಂದು ನಿಮಗೆ ಗೊತ್ತಿತ್ತೇ? ಅವನ ಗೊಂಬೆಗೆ ಬಣ್ಣ ಬಳಿಯುವವನಿಗೆ ಇದು ಗೊತ್ತಿರಲೇಬೇಕು. ಇತಿಹಾಸದ ಪರೀಕ್ಷೆಗೆ ಓದದ ಹುಡುಗ ಇಲ್ಲಿ ತಾನಾಗಿ ಓದುತ್ತಾನೆ.

ನಿಜವಾದ ಯುದ್ಧದಲ್ಲಿದ್ದಷ್ಟೂ ಮಂದಿಯನ್ನು ಮೇಜಿನ ಮೇಲೆ ತರಲು ಆಗುವುದಿಲ್ಲವಲ್ಲ? ಅದಕ್ಕೊಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಒಂದು ಗೊಂಬೆ ಅಂದರೆ ಇಪ್ಪತ್ತು ಸೈನಿಕರು ಎಂದುಕೊಂಡರೆ, 4,500 ಜನರ ಸೈನ್ಯಕ್ಕೆ 225 ಗೊಂಬೆ ಸಾಕು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾಳ ಯಾಕೆ ಬೇಕು?

ಆಟದ ನಿಯಮಗಳು ಪುಸ್ತಕದ ರೂಪದಲ್ಲಿರುತ್ತವೆ. ಒಂದೊಂದು ಕಾಲದ ಯುದ್ಧಕ್ಕೆ ಒಂದೊಂದು ಪುಸ್ತಕ. ಆದರೆ ತಿರುಳು ಸರಳ. ನಿಮ್ಮ ಸರದಿ ಬಂದಾಗ ತುಕಡಿಗಳನ್ನು ಟೇಪು ಹಿಡಿದು ಅಳೆದು ನಡೆಸಬೇಕು. ಕಾಲಾಳು ಆರು ಅಂಗುಲ ನಡೆದರೆ ಕುದುರೆ ಸವಾರ ಹನ್ನೆರಡು ಅಂಗುಲ. ಗುಡ್ಡ ಹತ್ತುವಾಗ, ಕೆಸರಿನಲ್ಲಿ, ಕಾಡಿನಲ್ಲಿ ಅದರ ಅರ್ಧ. ಬಂದೂಕಿನ ಗುಂಡು ಇಷ್ಟು ದೂರ, ಫಿರಂಗಿಯ ಗುಂಡು ಅಷ್ಟು ದೂರ ಎಂದು ಗೊತ್ತುಪಡಿಸಿರುತ್ತಾರೆ. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಚದುರಂಗದಲ್ಲಿ ಕುದುರೆ ಆನೆಯನ್ನು ಹೊಡೆದರೆ ಹೊಡೆದ ಹಾಗೇ. ಅನುಮಾನಕ್ಕೆ ಎಡೆಯಿಲ್ಲ. ಯುದ್ಧದಲ್ಲಿ ಹಾಗಿಲ್ಲ. ಮಳೆ ಬಂದು ಮದ್ದು ನೆನೆಯಬಹುದು. ಆಜ್ಞೆ ಹೊತ್ತ ಸವಾರ ದಾರಿ ತಪ್ಪಬಹುದು. ಈ ಅದೃಷ್ಟ, ದುರದೃಷ್ಟಗಳ ಪಾಲನ್ನು ಆಟಕ್ಕೆ ತರುವುದು ದಾಳದ ಕೆಲಸ.

ದಾಳಕ್ಕೆ ಇನ್ನೊಂದು ಮುಖ್ಯ ಕೆಲಸವೂ ಇದೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ಅಜ್ಜಂದಿರು ಹೇಳುತ್ತಾರಲ್ಲ? ಮನೆಯಲ್ಲಿ ಜಂಬ ಕೊಚ್ಚಿಕೊಂಡ ಉತ್ತರಕುಮಾರ ಕೌರವ ಸೇನೆಯನ್ನು ಕಂಡದ್ದೇ ರಥದಿಂದ ಧುಮುಕಿ ಓಡಿದ. ಸಮರದಾಟದಲ್ಲಿ ಪ್ರತಿ ತುಕಡಿಗೂ ಈ ಪರೀಕ್ಷೆ ಇದೆ. ಜೊತೆಯವರು ಬಿದ್ದಾಗ, ಪಕ್ಕದ ತುಕಡಿ ಓಡಿದಾಗ, ಕುದುರೆಗಳು ಮೈಮೇಲೆ ನುಗ್ಗಿದಾಗ ದಾಳ ಎಸೆಯಬೇಕು. ಒಳ್ಳೆಯ ಅಂಕ ಬಿದ್ದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಬೆನ್ನು ತೋರಿಸುತ್ತಾರೆ. ಮೂರು ತಿಂಗಳು ಕೂತು ಬಣ್ಣ ಬಳಿದ ನಿಮ್ಮ ಅಚ್ಚುಮೆಚ್ಚಿನ ತುಕಡಿಯೇ ಮೊದಲ ಸುತ್ತಿನಲ್ಲಿ ಓಡಿಹೋದಾಗ ನಗುವುದನ್ನು ಕಲಿಯಬೇಕಾಗುತ್ತದೆ. ಸೈನಿಕರು ಹೇಳಿದಂತೆ ಕೇಳುವ ಕಾಯಿಗಳಲ್ಲ, ಅವರೂ ಹೆದರುತ್ತಾರೆ ಎಂಬುದು ಈ ಆಟದ ಮೊದಲ ಪಾಠ.

ಮೇಜಿನ ಮೇಲೆ ಅಸ್ಸಾಯೆ

ಒಂದು ನಿಜವಾದ ಯುದ್ಧವನ್ನೇ ತೆಗೆದುಕೊಳ್ಳೋಣ. ಭಾರತದ ಯುದ್ಧಗಳನ್ನು ಆಡುವವರಿಗೆ ಪ್ರಿಯವಾದದ್ದು ಅಸ್ಸಾಯೆ. ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಹಳ್ಳಿ ಅದು. 1803ರ ಸೆಪ್ಟೆಂಬರ್ 23ರಂದು ಅಲ್ಲಿ ಕಂಪನಿಯ ಸೈನ್ಯಕ್ಕೂ ಮರಾಠರ ಸಿಂಧಿಯಾ ಮತ್ತು ಭೋಂಸ್ಲೆ ಸೈನ್ಯಗಳಿಗೂ ಯುದ್ಧವಾಯಿತು.

ಕಂಪನಿಯ ಸೇನಾಪತಿ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಆತನೇ. ನಮಗೂ ಆತ ಹೊಸಬನಲ್ಲ. ಟಿಪ್ಪು ಸುಲ್ತಾನನ ವಿರುದ್ಧ ಬಂದ ಸೈನ್ಯದಲ್ಲಿದ್ದ, ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯೇ ಅಧಿಕಾರ ನಡೆಸಿದ. ಶ್ರೀರಂಗಪಟ್ಟಣದ ಬಳಿ ಆತನಿಗೆ ಮರೆಯಲಾಗದ ಪೆಟ್ಟೂ ಬಿದ್ದಿತ್ತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿಗೆ ಹೊರಟ. ತೋಪಿನ ತುಂಬ ಮರಗಳು, ನೀರಿನ ಕಾಲುವೆಗಳು. ಹಗಲು ಹೋಗಿ ಜಾಗ ನೋಡಿರಲಿಲ್ಲ. ಕಗ್ಗತ್ತಲಲ್ಲಿ ಸೈನಿಕರು ಚೆಲ್ಲಾಪಿಲ್ಲಿಯಾದರು, ಕೆಲವರು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕರು, ವೆಲ್ಲೆಸ್ಲಿಯ ಮಂಡಿಗೂ ಗುಂಡು ತಗುಲಿತು. ಮರುದಿನ ಬೆಳಕಿನಲ್ಲಿ ಅದೇ ತೋಪು ಸುಲಭವಾಗಿ ಕೈಸೇರಿತು. ಹಗಲಲ್ಲಿ ಕಣ್ಣಾರೆ ನೋಡದ ಜಾಗದ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡುವುದಿಲ್ಲ ಎಂದು ಆತ ನಿಶ್ಚಯಿಸಿದ.

ನಾಲ್ಕು ವರ್ಷದ ಮೇಲೆ ಅಸ್ಸಾಯೆಯಲ್ಲಿ ಆ ಪಾಠ ಕೆಲಸಕ್ಕೆ ಬಂತು. ಮರಾಠರ ಸೈನ್ಯ ಕೈಟ್ನಾ ಮತ್ತು ಜುಆ ಎಂಬ ಎರಡು ಹೊಳೆಗಳ ನಡುವೆ ನಿಂತಿತ್ತು. ಅವರಲ್ಲಿ ಯುರೋಪಿನ ರೀತಿಯಲ್ಲಿ ಪಳಗಿದ ಹತ್ತು ಸಾವಿರಕ್ಕೂ ಹೆಚ್ಚು ಕಾಲಾಳುಗಳು, ಸುಮಾರು ನೂರು ಫಿರಂಗಿಗಳು, ಹತ್ತಾರು ಸಾವಿರ ಕುದುರೆ ಸವಾರರು. ವೆಲ್ಲೆಸ್ಲಿಯ ಸ್ವಂತ ಸೈನ್ಯ ಸುಮಾರು 4,500. ಜೊತೆಗೆ ಮೈಸೂರಿನ ಮತ್ತು ಮಿತ್ರ ಮರಾಠರ ಸುಮಾರು ಐದು ಸಾವಿರ ಸವಾರರು. ಹೌದು, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದಿಂದ ಹೋದ ಕುದುರೆ ಸವಾರರು ಆ ದಿನ ಅಲ್ಲಿದ್ದರು.

ಎದುರಿಗೇ ಹೊಳೆ ದಾಟಿದರೆ ನೂರು ಫಿರಂಗಿಗಳ ಬಾಯಿಗೆ ಬಿದ್ದ ಹಾಗೆ. ಬೇರೆ ದಾಟು ಇದೆಯೇ ಎಂದು ಕೇಳಿದರೆ ದಾರಿ ತೋರಿಸುವವರೆಲ್ಲ 'ಇಲ್ಲ' ಎಂದರು. ವೆಲ್ಲೆಸ್ಲಿ ತಾನೇ ಕುದುರೆ ಏರಿ ನೋಡಲು ಹೋದ. ಹೊಳೆಯ ಈ ದಡದಲ್ಲೊಂದು ಹಳ್ಳಿ, ಅದಕ್ಕೆ ಸರಿಯಾಗಿ ಆ ದಡದಲ್ಲೊಂದು ಹಳ್ಳಿ ಕಾಣಿಸಿತು. ಎದುರುಬದುರು ಊರು ಕಟ್ಟಿಕೊಂಡ ಜನ ಹೋಗಿ ಬರಲು ದಾರಿ ಇಟ್ಟುಕೊಳ್ಳದೆ ಇರುತ್ತಾರೆಯೇ? ಹುಡುಕಿಸಿದ. ದಾಟು ಸಿಕ್ಕಿತು! ಮೈಸೂರಿನ ಸವಾರರನ್ನು ಈ ದಡದಲ್ಲಿ ಮರಾಠ ಸವಾರರ ಮೇಲೆ ಕಣ್ಣಿಡಲು ಬಿಟ್ಟು, ಉಳಿದವರೊಂದಿಗೆ ದಾಟಿ ಮರಾಠರ ಪಕ್ಕಕ್ಕೆ ಬಂದ.

ಅಷ್ಟರಿಂದ ಎಲ್ಲ ಮುಗಿಯಲಿಲ್ಲ. ಮರಾಠರ ಕಾಲಾಳುಗಳು ಕವಾಯತಿನ ಮೈದಾನದಲ್ಲಿ ತಿರುಗಿದಷ್ಟು ನೀಟಾಗಿ ತಿರುಗಿ ಆತನಿಗೆ ಎದುರಾದರು. ಇತ್ತ ವೆಲ್ಲೆಸ್ಲಿಯ ಒಂದು ಪಡೆ ಆಜ್ಞೆಯನ್ನು ತಪ್ಪಾಗಿ ತಿಳಿದು ಬಲಕ್ಕೆ ಸರಿಯುತ್ತಾ ಸರಿಯುತ್ತಾ ಅಸ್ಸಾಯೆ ಹಳ್ಳಿಯ ಫಿರಂಗಿಗಳ ಎದುರಿಗೇ ಹೋಯಿತು. ಅದರ ಹಿಂದಿದ್ದ ಸ್ಕಾಟ್ಲೆಂಡಿನ 74ನೇ ರೆಜಿಮೆಂಟೂ ಹಿಂಬಾಲಿಸಿತು. ಅಲ್ಲಿ ಬಿದ್ದವರಿಗೆ ಲೆಕ್ಕವಿಲ್ಲ. ಕೊನೆಗೆ ವೆಲ್ಲೆಸ್ಲಿ ಗೆದ್ದ. ಆದರೆ ಆತನ 4,500 ಜನರಲ್ಲಿ ಸುಮಾರು 1,600 ಮಂದಿ ಸತ್ತಿದ್ದರು, ಗಾಯಗೊಂಡಿದ್ದರು ಇಲ್ಲವೆ ಕಾಣೆಯಾಗಿದ್ದರು. ಮರಾಠರ ಕಡೆಯೂ ಸಾವಿರಾರು ಮಂದಿ ಬಿದ್ದಿದ್ದರು.

ಮೇಜಿನ ಮೇಲೆ ಅಸ್ಸಾಯೆ ಆಡುವವರು ಇದನ್ನೆಲ್ಲ ಮತ್ತೆ ಹೂಡುತ್ತಾರೆ. ಮರಾಠರ ಕಡೆ ಆಡುವವನು ದಾಟಿನ ಬಳಿ ನಾಲ್ಕು ಫಿರಂಗಿ ಇಟ್ಟಿದ್ದರೆ ಏನಾಗುತ್ತಿತ್ತು? ಆ ಪಡೆ ಬಲಕ್ಕೆ ಸರಿಯದಿದ್ದರೆ? ಇತಿಹಾಸದ ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ 'ಗೆದ್ದರು', 'ಸೋತರು' ಎಂಬ ಮಾತು ಇಲ್ಲಿ ಮೂರು ಗಂಟೆ ಹಿಡಿಯುತ್ತದೆ. ಸೋತವರು ಹೇಡಿಗಳೂ ಅಲ್ಲ, ದಡ್ಡರೂ ಅಲ್ಲ ಎಂದು ಮರಾಠರ ಕಡೆ ಒಮ್ಮೆ ಆಡಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ಲಬ್ಬುಗಳಲ್ಲಿ ಮುಂದಿನ ವಾರ ಕಡೆ ಬದಲಿಸಿಕೊಂಡು ಆಡುವುದೂ ಉಂಟು. ಇವತ್ತು ಹೊಡೆದವನು ನಾಳೆ ಹೊಡೆಸಿಕೊಳ್ಳಬೇಕು.

ಈಗ ಆ ಲೆಕ್ಕಕ್ಕೆ ಬನ್ನಿ. ಒಂದು ಗೊಂಬೆಗೆ ಇಪ್ಪತ್ತು ಜನರಾದರೆ, 1,600 ಅಂದರೆ ಮೇಜಿನಿಂದ ತೆಗೆದಿಟ್ಟ 80 ಗೊಂಬೆ. ಒಂದು ಚಿಕ್ಕ ತಟ್ಟೆ ತುಂಬುತ್ತದೆ. ತಟ್ಟೆಯಲ್ಲಿ ಮಲಗಿದ ಒಂದೊಂದು ಗೊಂಬೆಯ ಹಿಂದೆ ಇಪ್ಪತ್ತು ಮನೆಗಳಿದ್ದವು ಎಂದು ಆಗ ಹೊಳೆಯುತ್ತದೆ.

ಆಟದ ಅಜ್ಜಂದಿರು

ಈ ಆಟದ ಬೇರು ನಮ್ಮ ಚತುರಂಗದವರೆಗೂ ಹೋಗುತ್ತದೆ. ರಥ, ಗಜ, ತುರಗ, ಪದಾತಿಗಳ ಆಟ ಪರ್ಷಿಯಾ, ಅರಬ್ ನಾಡುಗಳನ್ನು ದಾಟಿ ಯುರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಹೆಲ್‌ವಿಗ್ ಎಂಬಾತ ಚೆಸ್ ಮಣೆಯನ್ನು ಹಿಗ್ಗಿಸಿ, ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ ಬೆಟ್ಟ, ನದಿ, ಊರುಗಳನ್ನು ತಂದು 'ಯುದ್ಧದ ಚದುರಂಗ' ಮಾಡಿದ.

ಪ್ರಷ್ಯಾದ ರೈಸ್‌ವಿಟ್ಜ್ ಎಂಬ ಅಧಿಕಾರಿಗೆ ಮನೆಗಳೇ ಬೇಡ ಎನಿಸಿತು. ನಿಜವಾದ ನೆಲದಲ್ಲಿ ಚೌಕ ಎಲ್ಲಿದೆ? 1812ರಲ್ಲಿ ಆತ ಪ್ರಷ್ಯಾದ ದೊರೆಗೆ ಒಂದು ಸೊಗಸಾದ ಮೇಜನ್ನೇ ಮಾಡಿಸಿ ಒಪ್ಪಿಸಿದ. ಬೆಟ್ಟ ಹೊಳೆಗಳ ತುಂಡುಗಳನ್ನು ಬೇಕಾದಂತೆ ಜೋಡಿಸಿ ಅದರ ಮೇಲೆ ಆಡಬಹುದಿತ್ತು. ಆತನ ಮಗ ಸೈನ್ಯದಲ್ಲಿದ್ದ. ಅವನು ಆಟವನ್ನು ನಕ್ಷೆಯ ಮೇಲೆ ತಂದ, ದಾಳ ಸೇರಿಸಿದ, ಒಂದು ಸುತ್ತು ಅಂದರೆ ಎರಡು ನಿಮಿಷದ ಯುದ್ಧ ಎಂದು ಗೊತ್ತುಮಾಡಿದ. ನಡುವೆ ಒಬ್ಬ ತೀರ್ಪುಗಾರನನ್ನೂ ಕೂರಿಸಿದ. ಎರಡೂ ಕಡೆಯ ಗುಟ್ಟು ಗೊತ್ತಿರುವುದು ಆ ತೀರ್ಪುಗಾರನಿಗೆ ಮಾತ್ರ. ಆಟಗಾರರಿಗೆ ತಮ್ಮ ಕಣ್ಣಿಗೆ ಕಾಣಬಹುದಾದಷ್ಟೇ ತಿಳಿಸುತ್ತಾನೆ. 1824ರಲ್ಲಿ ಸೈನ್ಯದ ಮುಖ್ಯಸ್ಥ ಮ್ಯೂಫ್ಲಿಂಗ್ ಇದನ್ನು ನೋಡಲು ಬೇಸರದಿಂದಲೇ ಕೂತನಂತೆ. ಆಟ ಮುಂದುವರಿದ ಹಾಗೆ ಹುರುಪೇರಿ, ಇದು ಬರೀ ಆಟವಲ್ಲ, ಇಡೀ ಸೈನ್ಯವೇ ಇದನ್ನು ಕಲಿಯಬೇಕು ಎಂದನಂತೆ.

ಮನೆಯೊಳಗೆ ಇದನ್ನು ತಂದ ಕೀರ್ತಿ ಎಚ್. ಜಿ. ವೆಲ್ಸ್‌ಗೆ. 'ಟೈಂ ಮಷೀನ್', 'ಇನ್‌ವಿಸಿಬಲ್ ಮ್ಯಾನ್' ಬರೆದ ಕಾದಂಬರಿಕಾರ. ಊಟ ಮುಗಿಸಿ ಕಾಫಿಗೆ ಕಾಯುತ್ತಿದ್ದಾಗ ಗೆಳೆಯನೊಬ್ಬ ಪಕ್ಕದ ಮೇಜಿನ ಮೇಲಿದ್ದ ಮಕ್ಕಳ ಆಟಿಕೆ ಫಿರಂಗಿಯನ್ನು ಎತ್ತಿಕೊಂಡು ತವರದ ಸಿಪಾಯಿಗೆ ಗುರಿಯಿಟ್ಟು ಹೊಡೆದ. ಆ ಗೆಳೆಯ ಹಾಸ್ಯ ಲೇಖಕ ಜೆರೋಮ್ ಕೆ. ಜೆರೋಮ್ ಎಂದೇ ಎಲ್ಲರೂ ಹೇಳುತ್ತಾರೆ. ಸ್ಪ್ರಿಂಗಿನ ಆ ಫಿರಂಗಿಯಿಂದ ಹಾರುತ್ತಿದ್ದದ್ದು ಅಂಗುಲದುದ್ದದ ಮರದ ಗುಂಡು. 'ನಾನೂ ಹೊಡೆಯುತ್ತೇನೆ ನೋಡು' ಎಂದು ಶುರುವಾದ ಪಂದ್ಯಕ್ಕೆ ನಿಯಮ ಸೇರಿ, ಮರದ ಇಟ್ಟಿಗೆಗಳ ಮನೆಗಳು ಸೇರಿ, ಕೊನೆಗೆ ದೊಡ್ಡ ಗಂಡಸರು ಮಂಡಿಯೂರಿ ನೆಲದ ಮೇಲೆ ತೆವಳುವ ಆಟವಾಯಿತು.

1913ರಲ್ಲಿ ವೆಲ್ಸ್ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದ. ಅದರ ಹೆಸರಿನ ಕೆಳಗೇ ಇದು ಹನ್ನೆರಡು ವರ್ಷದಿಂದ ನೂರೈವತ್ತು ವರ್ಷದವರೆಗಿನ ಹುಡುಗರ ಆಟ ಎಂದು ಬರೆದುಕೊಂಡಿದ್ದಾನೆ! ಅಂದರೆ ನಮ್ಮ ಅಜ್ಜಂದಿರೆಲ್ಲ ಇನ್ನೂ ಹುಡುಗರೇ. ಹುಡುಗಿಯರಲ್ಲಿ ಮಾತ್ರ ಜಾಣೆಯರಿಗಷ್ಟೇ ಇದು ಹಿಡಿಸೀತು ಎಂದು ಸೇರಿಸಿದ್ದಾನೆ. ಆ ಮಾತಿಗೆ ಹುಡುಗಿಯರೇ ಉತ್ತರ ಕೊಟ್ಟರು, ಮೂವತ್ತು ವರ್ಷ ತಡವಾಗಿ.

ನೆಲದ ಮೇಲಿನ ಕಡಲು

1942. ಎರಡನೇ ಮಹಾಯುದ್ಧ. ಬ್ರಿಟನ್ನಿಗೆ ಆಹಾರ, ಎಣ್ಣೆ ಹೊತ್ತು ತರುವ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಒಂದೊಂದಾಗಿ ಮುಳುಗಿಸುತ್ತಿದ್ದವು. ಕಾವಲು ಹಡಗುಗಳು ಎಷ್ಟು ಹುಡುಕಿದರೂ ಅವು ಕೈಗೆ ಸಿಗುತ್ತಿರಲಿಲ್ಲ.

ಲಿವರ್‌ಪೂಲ್‌ನ ಡರ್ಬಿ ಹೌಸ್ ಎಂಬ ಕಟ್ಟಡದಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್‌ಗೆ ಒಂದು ದೊಡ್ಡ ಕೋಣೆ ಕೊಟ್ಟರು. ಕ್ಷಯ ರೋಗದಿಂದಾಗಿ ನೌಕಾಪಡೆಯಿಂದ ನಿವೃತ್ತನಾಗಿದ್ದ ಅಧಿಕಾರಿ ಆತ. ಸಹಾಯಕ್ಕೆ ನೌಕಾಪಡೆಯ ಮಹಿಳಾ ವಿಭಾಗದ ಯುವತಿಯರು. ಕೆಲವರಿಗೆ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ. ಅವರು ಕೋಣೆಯ ನೆಲವನ್ನೇ ಕಡಲು ಮಾಡಿಕೊಂಡು, ಪುಟ್ಟ ಹಡಗುಗಳನ್ನಿಟ್ಟು, ಅವು ಹೋದ ದಾರಿಯನ್ನು ಸೀಮೆಸುಣ್ಣದಲ್ಲಿ ಗೀಚುತ್ತಾ ಆಡಿದರು. ಸುತ್ತ ಬಟ್ಟೆಯ ತೆರೆಗಳು. ಕಾವಲು ಹಡಗಿನ ಕಪ್ತಾನನಾಗಿ ಆಡುವವನು ತೆರೆಯ ತೂತಿನಿಂದ ಮಾತ್ರ ನೋಡಬೇಕು. ನಿಜವಾದ ಹಡಗಿನಿಂದ ಕಾಣುವುದೂ ಅಷ್ಟೇ ತಾನೇ? ಜಲಾಂತರ್ಗಾಮಿಯ ದಾರಿಗೆ ಹಸಿರು ಸೀಮೆಸುಣ್ಣ. ದೂರದಿಂದ ಆ ಬಣ್ಣ ಕಣ್ಣಿಗೆ ಬೀಳುತ್ತಿರಲಿಲ್ಲ.

ಆಡುತ್ತಾ ಆಡುತ್ತಾ ಗುಟ್ಟು ಬಯಲಾಯಿತು. ವೈರಿ ಹೊರಗಿನಿಂದ ಹೊಡೆಯುತ್ತಿದ್ದಾನೆ ಎಂದು ಎಲ್ಲರೂ ಹೊರಗೆ ಹುಡುಕುತ್ತಿದ್ದರು. ಅವನೋ ರಾತ್ರಿ ಹಿಂದಿನಿಂದ ನುಸುಳಿ ಹಡಗುಗಳ ಸಾಲಿನ ಒಳಗೇ ಬಂದು, ಹೊಡೆದು, ನೀರಿನಡಿ ಮುಳುಗಿ ಸುಮ್ಮನಿರುತ್ತಿದ್ದ. ಸಾಲು ಮುಂದೆ ಹೋದ ಮೇಲೆ ಹಿಂದೆ ಉಳಿದು ಪಾರಾಗುತ್ತಿದ್ದ. ಹಾಗಾದರೆ ಹುಡುಕಬೇಕಾದ್ದು ಸಾಲಿನ ಹಿಂದೆ! ಈ ಹೊಸ ಉಪಾಯಕ್ಕೆ 'ರಾಸ್ಪ್‌ಬೆರಿ' ಎಂದು ಹೆಸರಿಟ್ಟವಳು ಆ ಯುವತಿಯರಲ್ಲೊಬ್ಬಳಾದ ಜೀನ್ ಲೇಡ್ಲಾ. ಜಲಾಂತರ್ಗಾಮಿಗಳಲ್ಲೇ ಹೆಸರು ಮಾಡಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಒಮ್ಮೆ ತಾನೇ ವೈರಿಯ ಪಾತ್ರ ವಹಿಸಿ ಆಡಿದ. ಐದು ಸಲ ಆಡಿ ಐದು ಸಲವೂ ಸಿಕ್ಕಿಬಿದ್ದ. ಹಿಡಿದವಳು ಜಾನೆಟ್ ಓಕೆಲ್ ಎಂಬ ಯುವತಿ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಐದು ಸಾವಿರ ನೌಕಾ ಅಧಿಕಾರಿಗಳು ಆ ಕೋಣೆಯಲ್ಲಿ ಪಾಠ ಕಲಿತಿದ್ದರು. ಅವರು ಕಾಪಾಡಿದ ಹಡಗುಗಳಲ್ಲಿ ಎಷ್ಟು ಜೀವಗಳಿದ್ದವೋ!

ಅದೇ ವರ್ಷ ಜಪಾನಿನ ನೌಕಾಪಡೆಯೂ ಮಿಡ್ವೇ ದಾಳಿಗೆ ಮುಂಚೆ ಮೇಜಿನ ಮೇಲೆ ಆಡಿ ನೋಡಿತು. ದಾಳದ ಲೆಕ್ಕದಂತೆ ಅವರ ಎರಡು ವಿಮಾನವಾಹಕ ಹಡಗುಗಳು ಮುಳುಗಬೇಕಿತ್ತು. ತೀರ್ಪು ಕೊಡುತ್ತಿದ್ದ ಅಡ್ಮಿರಲ್ ಉಗಾಕಿ ಏಟುಗಳ ಲೆಕ್ಕವನ್ನೇ ಕಡಿಮೆ ಮಾಡಿಸಿದ. ಮುಳುಗಿದ ಹಡಗು ಮತ್ತೆ ತೇಲಿತು! ಜೂನ್ ತಿಂಗಳಲ್ಲಿ ನಿಜವಾದ ಯುದ್ಧವಾದಾಗ ನಾಲ್ಕು ವಿಮಾನವಾಹಕಗಳು ಮುಳುಗಿದವು. ಅವನ್ನು ತೇಲಿಸಲು ಯಾರಿಗೂ ಆಗಲಿಲ್ಲ. ಆಟದಲ್ಲಿ ಅಳುಗುಣಿತನ ಮಾಡುವವರು ಈ ಕಥೆಯನ್ನು ನೆನೆಯಬೇಕು.

ಮಕ್ಕಳ ಕೈಗೆ ಯುದ್ಧವೇ?

ಇಲ್ಲಿ ಅಜ್ಜಿಯರು ಕೇಳುವ ಪ್ರಶ್ನೆ ನ್ಯಾಯವಾದದ್ದು. 'ಜಗಳ ಬೇಡ ಎಂದು ಬುದ್ಧಿ ಹೇಳುವವರು ನಾವು. ಯುದ್ಧವನ್ನೇ ಆಟ ಮಾಡಿ ಕೊಡುವುದೇ?'

ವೆಲ್ಸ್‌ಗೂ ಈ ಪ್ರಶ್ನೆ ಬಂದಿತ್ತು. ಪುಸ್ತಕದ ಕೊನೆಯಲ್ಲಿ ಆತ ಕೊಟ್ಟ ಉತ್ತರದ ಸಾರ ಇಷ್ಟು: ಮೂರು ನಾಲ್ಕು ಸಲ ಈ ಪುಟ್ಟ ಯುದ್ಧ ಆಡಿ ನೋಡಿ. ಎಷ್ಟು ಜಾಣನಾದರೂ ಎಷ್ಟು ತಪ್ಪು ಮಾಡುತ್ತಾನೆ ಎಂದು ತಿಳಿಯುತ್ತದೆ. ಹಾಗಿದ್ದ ಮೇಲೆ ನಿಜವಾದ ಯುದ್ಧ ಎಂಥ ಎಡವಟ್ಟಿನ ವ್ಯವಹಾರ! ಯುದ್ಧದ ಹುಚ್ಚಿರುವ ದೊರೆಗಳನ್ನೂ ದಂಡನಾಯಕರನ್ನೂ ಒಂದು ಕೋಣೆಗೆ ಸೇರಿಸಿ, ತವರದ ಸೈನಿಕರನ್ನು ಕೊಟ್ಟು, ಅಲ್ಲೇ ಆಡಿಕೊಳ್ಳಲಿ ಎಂದು ಬಿಟ್ಟರೆ ಲೋಕಕ್ಕೆ ನೆಮ್ಮದಿ.

ಯಾರೂ ಆ ಮಾತನ್ನು ಕೇಳಲಿಲ್ಲ. ಪುಸ್ತಕ ಬಂದ ಮರುವರ್ಷವೇ, 1914ರಲ್ಲಿ, ಮೊದಲ ಮಹಾಯುದ್ಧ ಶುರುವಾಯಿತು. ತವರದ ಸಿಪಾಯಿಗಳೊಡನೆ ಆಡಿ ಬೆಳೆದ ಎಷ್ಟೋ ಹುಡುಗರು ಆ ಯುದ್ಧಕ್ಕೆ ಹೋಗಿ ಹಿಂದಿರುಗಲಿಲ್ಲ. ಆಟ ಆಡಿದ್ದರಿಂದ ಯುದ್ಧ ಬರಲಿಲ್ಲ ನಿಜ. ಆಟದಿಂದ ಯುದ್ಧ ನಿಲ್ಲಲೂ ಇಲ್ಲ. ಅಷ್ಟು ದೊಡ್ಡ ಭಾರವನ್ನು ಒಂದು ಆಟದ ಮೇಲೆ ಹೊರಿಸುವುದು ಸರಿಯಲ್ಲ.

ಆದರೂ ಅದು ಕಲಿಸುವುದು ಕಡಿಮೆಯಲ್ಲ. ಅಸ್ಸಾಯೆಯ ವೆಲ್ಲೆಸ್ಲಿ ವಾಟರ್‌ಲೂ ಗೆದ್ದ ಮೇಲೆ ಒಂದು ಪತ್ರದಲ್ಲಿ, ಸೋತ ಯುದ್ಧವೊಂದನ್ನು ಬಿಟ್ಟರೆ ಗೆದ್ದ ಯುದ್ಧದಷ್ಟು ದುಃಖದ್ದು ಬೇರಿಲ್ಲ ಎಂಬರ್ಥದ ಮಾತು ಬರೆದ. ಅದನ್ನು ತಿಳಿಯಲು ಆತನಿಗೆ ಸಾವಿರಾರು ಜೀವಗಳ ಬೆಲೆ ಬಿತ್ತು. ತಟ್ಟೆಯಲ್ಲಿ ಮಲಗಿದ 80 ಗೊಂಬೆಗಳನ್ನು ಎಣಿಸುವ ಹುಡುಗನಿಗೆ ಅದರ ಒಂದು ಚೂರಾದರೂ ಪುಕ್ಕಟೆಯಾಗಿ ತಿಳಿಯುತ್ತದೆ. ಜೊತೆಗೆ ಒಂದು ಒಳ್ಳೆಯ ಪದ್ಧತಿ: ಆಟ ಮುಗಿದ ಮೇಲೆ ಇಬ್ಬರೂ ಕೈಕುಲುಕಿ, ಒಟ್ಟಿಗೆ ಟೀ ಕುಡಿಯುತ್ತಾ, ಯಾರು ಎಲ್ಲಿ ಎಡವಿದರು ಎಂದು ಮಾತಾಡುತ್ತಾರೆ. ಗೆದ್ದವನ ತಪ್ಪುಗಳೂ ಆಗ ಹೊರಬೀಳುತ್ತವೆ.

ನೀವೂ ಆಡಿ: ಹೊಳೆ ದಾಟುವ ಆಟ

ಇದಕ್ಕೆ ದುಬಾರಿ ಗೊಂಬೆ ಬೇಡ. ಒಬ್ಬರಿಗೆ 20 ಹುಣಸೆ ಬೀಜ, ಇನ್ನೊಬ್ಬರಿಗೆ 20 ಗುಂಡಿ, ಒಂದು ದಾಳ, ಸೀಮೆಸುಣ್ಣ, ಆರು ಕಲ್ಲು, ಒಂದು ಗೇಣುದ್ದದ ಕಡ್ಡಿ ಇದ್ದರೆ ಸಾಕು. ಅಜ್ಜಿ ಅಥವಾ ಅಜ್ಜ ತೀರ್ಪುಗಾರರು.

ನೆಲದ ಮೇಲೆ ಆರಡಿ ಉದ್ದ, ನಾಲ್ಕಡಿ ಅಗಲದ ಬಯಲು ಬರೆಯಿರಿ. ಉದ್ದದ ನಡುವೆ ಅಡ್ಡಲಾಗಿ ಹೊಳೆ. ಹೊಳೆಯುದ್ದಕ್ಕೂ 1ರಿಂದ 6ರವರೆಗೆ ಅಂಕೆ ಬರೆದ ಕಲ್ಲುಗಳನ್ನಿಡಿ. ಇವುಗಳಲ್ಲಿ ಎರಡು ಮಾತ್ರ ದಾಟು. ಯಾವುವು ಎಂದು ಅಜ್ಜಿ ಗುಟ್ಟಾಗಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಬಯಲಿನ ಎರಡೂ ತುದಿಯಲ್ಲಿ ಒಂದೊಂದು ವೃತ್ತ ಬರೆಯಿರಿ, ಅವು ನಿಮ್ಮ ಊರುಗಳು. ಐದೈದು ಬೀಜಗಳ ನಾಲ್ಕು ತುಕಡಿ ಮಾಡಿ ನಿಮ್ಮ ಊರಿನ ಮುಂದೆ ನಿಲ್ಲಿಸಿ.

ಸರದಿ ಬಂದಾಗ ಪ್ರತಿ ತುಕಡಿಗೂ ದಾಳ ಹಾಕಿ. 1 ಬಿದ್ದರೆ ಆಜ್ಞೆ ತಲುಪಲಿಲ್ಲ, ಆ ತುಕಡಿ ಕದಲುವಂತಿಲ್ಲ. ಉಳಿದ ಅಂಕೆಗೆ ಒಂದು ಕಡ್ಡಿಯಷ್ಟು ದೂರ ನಡೆಯಬಹುದು. ತುಕಡಿ ಕಲ್ಲಿನ ಬಳಿ ತಲುಪಿದರೆ ಅದು ದಾಟು ಹೌದೋ ಅಲ್ಲವೋ ಎಂದು ಅಜ್ಜಿ ನಿಮ್ಮ ಕಿವಿಯಲ್ಲಿ ಮಾತ್ರ ಹೇಳುತ್ತಾರೆ. ಎದುರಾಳಿಯ ತುಕಡಿ ಒಂದು ಕಡ್ಡಿಯಷ್ಟು ಹತ್ತಿರವಿದ್ದರೆ ದಾಳ ಹಾಕಿ. 5 ಅಥವಾ 6 ಬಿದ್ದರೆ ಅವರ ಒಂದು ಬೀಜ ಹೊರಗೆ. ತುಕಡಿಯಲ್ಲಿ ಎರಡೇ ಬೀಜ ಉಳಿದಾಗ ಧೈರ್ಯದ ಪರೀಕ್ಷೆ: 4, 5, 6 ಬಿದ್ದರೆ ನಿಲ್ಲುತ್ತಾರೆ, 1, 2, 3 ಬಿದ್ದರೆ ಒಂದು ಕಡ್ಡಿಯಷ್ಟು ಹಿಂದಕ್ಕೆ ಓಟ. ಎರಡು ತುಕಡಿಗಳನ್ನು ಎದುರಾಳಿಯ ಊರಿಗೆ ಮೊದಲು ಮುಟ್ಟಿಸಿದವರು ಗೆದ್ದ ಹಾಗೆ. ಇಪ್ಪತ್ತು ಸುತ್ತಿನಲ್ಲಿ ಯಾರೂ ಮುಟ್ಟದಿದ್ದರೆ ಸಂಧಿ. ಅಜ್ಜಿಯ ತೀರ್ಪೇ ಕೊನೆ. ವಾದ ಮಾಡಿದವರಿಗೆ ಒಂದು ಸರದಿ ಇಲ್ಲ!

ಎಲ್ಲ ಮುಗಿದ ಮೇಲೆ ಹೊರಗಿಟ್ಟ ಬೀಜಗಳನ್ನೂ ಒಳಗಿನವನ್ನೂ ಸೇರಿಸಿ ಎಣಿಸಿ ಡಬ್ಬಿಗೆ ಹಾಕಿ. ಇಪ್ಪತ್ತು ಹೊರಟಿದ್ದವು, ಇಪ್ಪತ್ತೂ ಮನೆಗೆ ಬಂದಿರುತ್ತವೆ. ಯಾವ ಸೇನಾಪತಿಗೂ ಸಿಗದ ಲೆಕ್ಕ ಅದು.